ನಾಳೆ ಲಾಂಚು ಹೊರಡುತ್ತಾ?

ತೊಕುಶಿಗೆ ಮೇಷ್ಟ್ರಿಗೆ ಐವತ್ತಮೂರು ತುಂಬಿದ ವರ್ಷ ನಮ್ಮ ಶಾಲೆಯ ಹುಡುಗಿಯರ ವಾಲಿಬಾಲ್ ತಂಡ ನಿಂತುಹೋಯಿತು. ಯಾರೂ ನಿಲ್ಲಿಸಲಿಲ್ಲ, ಆಡುವುದಕ್ಕೆ ಆರು ಜನ ಸಿಗಲಿಲ್ಲ, ಅಷ್ಟೆ. ಆ ಏಪ್ರಿಲ್‌ನಲ್ಲಿ ನಾಗಿಶಿಮಾ ದ್ವೀಪದ ನಮ್ಮ ಶಾಲೆಯಲ್ಲಿ ಏಳು, ಎಂಟು, ಒಂಬತ್ತನೇ ತರಗತಿ ಎಲ್ಲ ಸೇರಿಸಿದರೂ ಹನ್ನೊಂದೇ ಮಕ್ಕಳು. ಅದರಲ್ಲಿ ಹುಡುಗಿಯರು ಏಳು, ಆ ಏಳರಲ್ಲಿ ಇಬ್ಬರಿಗೆ ಚೆಂಡು ಕಂಡರೆ ಭಯ.

ಇಪ್ಪತ್ತೊಂಬತ್ತು ವರ್ಷ ಆ ಮನುಷ್ಯ ಕೊರಳಲ್ಲಿ ಸೀಟಿ ಹಾಕಿಕೊಂಡೇ ಓಡಾಡಿದವರು. ಒಂದು ವರ್ಷಕ್ಕೆ ಅಂತ ಬಂದವರು ಇಲ್ಲೇ ಮದುವೆಯಾಗಿ ಇಲ್ಲೇ ಉಳಿದರು. ಹೆಡ್‌ಮಾಸ್ಟರು ಅವರನ್ನು ಕಚೇರಿಗೆ ಕರೆಸಿದಾಗ ನಾನೂ ಅಲ್ಲೇ ಇದ್ದೆ. ನಾನು ಆ ಶಾಲೆಯ ಗುಮಾಸ್ತೆ, ಹೆಸರು ಯೋಶಿಯೆ. ಬೀಗದ ಕೈಗಳೆಲ್ಲ ನನ್ನ ಹತ್ತಿರ ಇರುವುದರಿಂದ ಎಲ್ಲ ಮಾತೂ ನನ್ನ ಕಿವಿಗೆ ಬೀಳುತ್ತದೆ.

"ತೊಕುಶಿಗೆ ಅವರೇ, ಈ ವರ್ಷದಿಂದ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಕ್ಲಬ್ ಶುರು ಮಾಡ್ತಾ ಇದೀವಿ. ನೀವೇ ನೋಡ್ಕೋಬೇಕು."

"ನಾನಾ? ಸರ್, ನಾನು ಹಾಜರಿ ಪಟ್ಟೀನೇ ಎರಡು ಬೆರಳಲ್ಲಿ ಕುಟ್ಟೋನು."

"ಸಂಜೆ ಲಾಂಚಿಗೆ ಓಡದೆ ದ್ವೀಪದಲ್ಲೇ ಇರೋ ಮೇಷ್ಟ್ರು ನೀವೊಬ್ಬರೇ. ಇನ್ಯಾರಿಗೆ ಹೇಳ್ಲಿ?"

ಮೇಷ್ಟ್ರು ಕೇಳಿದ್ದು ಇಷ್ಟೆ: "ಅದ್ರಲ್ಲಿ ಸೋಲು ಗೆಲುವು ಹೇಗೆ ಗೊತ್ತಾಗುತ್ತೆ?"

ಕ್ಲಬ್ಬಿಗೆ ಮೂರು ಜನ ಸೇರಿದರು. ಎಂಟನೇ ತರಗತಿಯ ಕನಾಮೆ ಬುದ್ಧಿ ಚುರುಕಾದ ಹುಡುಗಿ, ನಾಲಿಗೆ ಅದಕ್ಕಿಂತ ಚುರುಕು. ಅವಳ ತರಗತಿಯವಳೇ ಚಿಹಾರು, ಮಾತು ಕಮ್ಮಿ. ಅವಳ ತಾಯಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಮೂರನೆಯವನು ಏಳನೇ ತರಗತಿಯ ರಿಂಪೆಯಿ, ಯಾವಾಗಲೂ ಹಸಿದಿರುವ ಹುಡುಗ.

ಮೊದಲ ದಿನ ಮೇಷ್ಟ್ರು ಮೂವರನ್ನೂ ಸಾಲಾಗಿ ನಿಲ್ಲಿಸಿ, ಬಗ್ಗಿ ನಮಸ್ಕಾರ ಮಾಡಿಸಿ, ಮೊಣಕಾಲು ಬಗ್ಗಿಸುವ ವ್ಯಾಯಾಮಕ್ಕೆ ಹಚ್ಚಿದರು.

"ಮೇಷ್ಟ್ರೇ, ಬೆರಳಾಡಿಸೋ ಕ್ಲಬ್ಬಿಗೆ ಮೊಣಕಾಲು ಯಾಕೆ?" ಅಂದಳು ಕನಾಮೆ.

"ಗೊತ್ತಿಲ್ಲ. ನನಗೆ ಬರೋದು ಇದೊಂದೇ. ಬೇರೆ ಏನು ಮಾಡ್ಬೇಕು ಅಂತ ನೀನು ಹೇಳು, ಅದನ್ನೇ ಮಾಡೋಣ."

ಮೇಷ್ಟ್ರ ಬಾಯಲ್ಲಿ "ಗೊತ್ತಿಲ್ಲ" ಅನ್ನುವುದನ್ನು ಆ ಮಕ್ಕಳು ಅಷ್ಟಾಗಿ ಕೇಳಿರಲಿಲ್ಲ. ಆಮೇಲೆ ಕೇಳಿ ಕೇಳಿ ಸಾಕಾಯಿತು. ಪರದೆಯ ಮೇಲೆ ಮಕ್ಕಳು ಏನು ಬರೆದರೂ ಮೇಷ್ಟ್ರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುವರು. "ಈ ಸಾಲು ಏನು ಮಾಡುತ್ತೆ? ಇದು ಇಲ್ದಿದ್ರೆ ಏನಾಗುತ್ತೆ? ಮೊದಲು ಅದು, ಆಮೇಲೆ ಇದು ಅಂತ ಕಂಪ್ಯೂಟರಿಗೆ ಯಾರು ಹೇಳಿದ್ರು?" ಉತ್ತರ ಹೇಳುತ್ತ ಹೇಳುತ್ತ ಮಕ್ಕಳಿಗೇ ತಮ್ಮ ತಪ್ಪು ಕಣ್ಣಿಗೆ ಬೀಳುತ್ತಿತ್ತು. ಒಂದು ದಿನ ಎಷ್ಟು ಹೇಳಿದರೂ ಮೇಷ್ಟ್ರಿಗೆ ತಿಳಿಯದೆ, ಎಲ್ಲರನ್ನೂ ಆಟದ ಹಾಲಿಗೆ ಕರೆದುಕೊಂಡು ಹೋದರು.

"ನಾನೇ ಕಂಪ್ಯೂಟರು. ಹೇಳಿ, ಏನು ಮಾಡ್ಲಿ?"

"ಮುಂದೆ ನಡೀರಿ," ಅಂದಳು ಕನಾಮೆ.

ಮೇಷ್ಟ್ರು ನಡೆದರು. ವಾಲಿಬಾಲ್ ಅಂಕಣದ ಗೆರೆ ದಾಟಿದರು, ಚೆಂಡು ತುಂಬಿದ ಗಾಡಿಗೆ ಡಿಕ್ಕಿ ಹೊಡೆದರು, ಗಾಡಿ ಸಮೇತ ಗೋಡೆಯವರೆಗೂ ಹೋಗಿ ಅಲ್ಲಿ ಕಾಲು ಎತ್ತಿ ಎತ್ತಿ ಇಡುತ್ತಲೇ ಇದ್ದರು.

"ನಿಲ್ಲಿ ಮೇಷ್ಟ್ರೇ!"

"ಎಲ್ಲಿ ನಿಲ್ಬೇಕು ಅಂತ ನೀನು ಹೇಳ್ಲೇ ಇಲ್ವಲ್ಲೇ!"

ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಕೋಣೆಗೆ ಬೀಗ ಹಾಕುವುದಕ್ಕೆ ಹೇಗೂ ಕಾಯಬೇಕಾಗಿತ್ತು. ಅವತ್ತಿನಿಂದ ನಾನೂ ಒಂದು ಕುರ್ಚಿ ಹಾಕಿಕೊಂಡು ಕೂರುವುದು ರೂಢಿಯಾಯಿತು.

ಏಪ್ರಿಲ್ ಮಧ್ಯದಲ್ಲಿ ಮಂಜು ಶುರುವಾಯಿತು. ಬೆಳಿಗ್ಗೆ ಆರೂ ನಲವತ್ತರ ಮೊದಲ ಲಾಂಚು ಎರಡು ದಿನ ನಿಂತಿತು. ಆಚೆಯಿಂದ ಬರುವ ಮೇಷ್ಟ್ರುಗಳು ಬರಲಿಲ್ಲ. ಹನ್ನೊಂದು ಮಕ್ಕಳನ್ನೂ ಹಾಲಿನಲ್ಲಿ ಸೇರಿಸಿ ತೊಕುಶಿಗೆ ಮೇಷ್ಟ್ರೇ ಗಣಿತದಿಂದ ಸಂಗೀತದವರೆಗೆ ಎಲ್ಲ ಕಲಿಸಿದರು, ಕಲಿಸಿದಂತೆ ಮಾಡಿದರು. ಎರಡನೆಯ ದಿನ ಸಂಜೆ ಚಿಹಾರು ಮೊದಲ ಸಲ ತಾನಾಗಿ ಬಾಯಿ ಬಿಟ್ಟಳು.

"ನಾಳೆ ಲಾಂಚು ಹೊರಡುತ್ತೋ ಇಲ್ವೋ ಅಂತ ಹಿಂದಿನ ಸಂಜೇನೇ ಹೇಳೋ ಪ್ರೋಗ್ರಾಂ ಬರೆಯೋಕಾಗುತ್ತಾ? ಅಮ್ಮನಿಗೆ ಬೇಕು."

ಅದು ಅವಳ ಮನೆಯೊಂದರ ಪಾಡಲ್ಲ. ದ್ವೀಪದಲ್ಲಿ ಇದನ್ನು ಹೇಳುತ್ತಿದ್ದವರು ಒಬ್ಬರೇ, ಲಾಂಚಿನ ಕ್ಯಾಪ್ಟನ್ ಇಸೊಮುರ. ಅರವತ್ತೇಳು ವರ್ಷದ ಮುದುಕ. ಸಂಜೆ ಆರೂವರೆಗೆ ಲಾಂಚು ದಕ್ಕೆಗೆ ಬಂದು ನಿಂತ ಮೇಲೆ ಟಿಕೆಟ್ ಕಿಟಕಿಯ ಮುಂದೆ ಹಾದುಹೋಗುತ್ತ, "ನಾಳೆ ಹೊರಡುತ್ತೆ" ಅಥವಾ "ನಾಳೆ ನಿಲ್ಲುತ್ತೆ" ಅಂತ ಒಂದು ಮಾತು ಎಸೆದು ಮನೆಗೆ ಹೋಗುತ್ತಿದ್ದರು. ಆ ಮಾತು ಅರ್ಧ ಗಂಟೆಯಲ್ಲಿ ಎಲ್ಲ ಮನೆಗೂ ಮುಟ್ಟುತ್ತಿತ್ತು. "ನಿಲ್ಲುತ್ತೆ" ಅಂದ ದಿನ ಚಿಹಾರುವಿನ ತಾಯಿ ಆಚೆ ದಡದವರು ನಡೆಸುವ ಏಳೂವರೆಯ ಕೊನೆಯ ಲಾಂಚಿಗೆ ಆಚೆ ದಾಟಿ ಆಸ್ಪತ್ರೆಯಲ್ಲೇ ಮಲಗುತ್ತಿದ್ದಳು.

"ಕ್ಯಾಪ್ಟನ್ ತಾತ ಹೇಳ್ತಾರಲ್ಲ," ಅಂದ ರಿಂಪೆಯಿ.

"ತಾತನಿಗೆ ಶೀತ ಆದ್ರೆ?" ಅಂದಳು ಚಿಹಾರು.

ಮೇಷ್ಟ್ರ ಕಣ್ಣು ಅರಳಿತು. "ಸೋಲು ಗೆಲುವು ಗೊತ್ತಾಗೋ ಆಟ ಸಿಕ್ತು," ಅಂದರು.

ಟಿಕೆಟ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದ ದಿನಚರಿ ಪುಸ್ತಕಗಳಿದ್ದವು. ಪ್ರತಿ ದಿನಕ್ಕೂ ಒಂದು ಸಾಲು, ಮೊದಲ ಲಾಂಚು ಹೊರಟಿತೋ ನಿಂತಿತೋ ಅಂತ. ವಸಂತದ ನಾಲ್ಕು ತಿಂಗಳು ಮಾತ್ರ ಆರಿಸಿದರೂ ಎರಡೂವರೆ ಸಾವಿರಕ್ಕೂ ಮೀರಿದ ಸಾಲುಗಳು. ನಾಲ್ವರೂ ಹಂಚಿಕೊಂಡು ಕಂಪ್ಯೂಟರಿಗೆ ಏರಿಸಿದರು. ಮೇಷ್ಟ್ರು ತಮ್ಮ ಪಾಲಿನ ಆರು ವರ್ಷವನ್ನು ಎರಡು ಬೆರಳಲ್ಲೇ ಕುಟ್ಟಿ ಮುಗಿಸಿದರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದಾಗ ಅವರ ಹೆಂಡತಿ, "ವಾಲಿಬಾಲಲ್ಲಿ ಮುರೀದ ಬೆರಳು ಇದ್ರಲ್ಲಿ ಮುರೀತಾ?" ಅಂತ ಹಾಸ್ಯ ಮಾಡಿದಳಂತೆ. ಆಚೆ ದಡದ ಹವಾಮಾನ ಕೇಂದ್ರದಿಂದ ಗಾಳಿ, ಮಳೆ, ಸೆಕೆ, ತೇವದ ಅಂಕಿಗಳನ್ನು ಕನಾಮೆ ಇಳಿಸಿಕೊಂಡಳು. ಎಂಥ ಸಂಜೆಯ ಮಾರನೆಯ ದಿನ ಲಾಂಚು ನಿಂತಿದೆ ಅಂತ ಹಳೆಯ ಸಾಲುಗಳಲ್ಲಿ ಹುಡುಕಿ, ಇವತ್ತಿನ ಸಂಜೆ ಯಾವುದಕ್ಕೆ ಹತ್ತಿರ ಅಂತ ನೋಡಿ ಹೇಳುವ ಪ್ರೋಗ್ರಾಂ ಅದು. ಬರೆದವಳು ಹೆಚ್ಚಾಗಿ ಅವಳೇ. ತಾನು ಬರೆದದ್ದರ ಮೇಲೆ ಅವಳಿಗೆ ಬಹಳ ನಂಬಿಕೆ.

ಮೇ ಒಂದರಿಂದ ಮೂವತ್ತರವರೆಗೆ ಪಂದ್ಯ. ದಿನಾ ಸಂಜೆ ಪ್ರೋಗ್ರಾಂ ಹೇಳಿದ್ದನ್ನೂ ಕ್ಯಾಪ್ಟನ್ ಹೇಳಿದ್ದನ್ನೂ ಕಪ್ಪುಹಲಗೆಯ ಮೇಲೆ ಬರೆಯುವುದು, ಮಾರನೆಯ ಬೆಳಿಗ್ಗೆ ಗುರುತು ಹಾಕುವುದು. ತಿಂಗಳು ಮುಗಿದಾಗ ಮೂವತ್ತಕ್ಕೆ ಕ್ಯಾಪ್ಟನ್ ಇಪ್ಪತ್ತೆಂಟು, ಪ್ರೋಗ್ರಾಂ ಇಪ್ಪತ್ತೊಂದು.

"ಇಪ್ಪತ್ತೊಂದು ಏನೂ ಕಮ್ಮಿ ಅಲ್ಲ," ಅಂದಳು ಕನಾಮೆ ಮುಖ ಗಂಟಿಕ್ಕಿಕೊಂಡು.

ರಿಂಪೆಯಿ ಅನ್ನದ ಉಂಡೆ ಕಚ್ಚುತ್ತ ಹೇಳಿದ, "ನಾನಾಗಿದ್ರೆ ಮೂವತ್ತು ದಿನಾನೂ 'ಹೊರಡುತ್ತೆ' ಅಂತ ಬರೆದು ಮನೆಗೆ ಹೋಗಿ ಊಟ ಮಾಡ್ತಿದ್ದೆ."

ಮೇಷ್ಟ್ರು ತಟ್ಟನೆ ಹಲಗೆಯ ಕಡೆ ತಿರುಗಿದರು. "ತಡಿ, ತಡಿ. ಲಾಂಚು ನಿಂತಿದ್ದು ಎಷ್ಟು ದಿನ?"

ಎಣಿಸಿದರು. ಆರು ದಿನ. ಹಾಗಾದರೆ ಕಣ್ಣು ಮುಚ್ಚಿಕೊಂಡು ದಿನಾ "ಹೊರಡುತ್ತೆ" ಅನ್ನುವವನಿಗೆ ಇಪ್ಪತ್ತನಾಲ್ಕು.

ಕನಾಮೆಯ ಮುಖ ಕೆಂಪಾಯಿತು. ಮೇಷ್ಟ್ರಿಗೆ ಬೇಜಾರಾಗುತ್ತದೆ ಅಂದುಕೊಂಡಿದ್ದೆ, ಅವರು ಎದ್ದು ಕೋಣೆಯ ಉದ್ದಕ್ಕೂ ಓಡಾಡತೊಡಗಿದರು. "ಅಂದ್ರೆ ಏನೂ ನೋಡದೆ ಇರೋನು, ಇಷ್ಟೆಲ್ಲ ನೋಡಿದ ನಮ್ಮನ್ನ ಸೋಲಿಸಿಬಿಟ್ಟ! ಇದೆಂಥ ಚೋದ್ಯ! ನಾವು ಏನು ನೋಡ್ತಾ ಇಲ್ಲ? ತಾತ ಏನು ನೋಡ್ತಾರೆ?"

ಮಾರನೆಯ ಸಂಜೆ ನಾಲ್ವರೂ ದಕ್ಕೆಗೆ ಹೋಗಿ ಕ್ಯಾಪ್ಟನ್ನರನ್ನೇ ಕೇಳಿದರು.

"ಏನು ನೋಡ್ತೀನಿ ಅಂದ್ರೆ? ಏನೂ ನೋಡಲ್ಲ. ಮನಸ್ಸಿಗೆ ಬರುತ್ತೆ, ಹೇಳ್ತೀನಿ," ಅಂದರು ಇಸೊಮುರ.

"ಮೋಡ? ಗಾಳಿ?"

"ಮೋಡ ಎಲ್ಲರಿಗೂ ಕಾಣುತ್ತಲ್ಲಮ್ಮ. ಹೋಗಿ ಓದ್ಕೊಳ್ಳಿ."

ವಾಪಸು ಬರುವಾಗ ಕನಾಮೆ, "ಹೇಳೋಕೆ ಇಷ್ಟ ಇಲ್ಲ ಆ ಮುದುಕನಿಗೆ," ಅಂತ ಗೊಣಗಿದಳು.

"ಇಲ್ಲ, ಅವರಿಗೆ ನಿಜವಾಗ್ಲೂ ಗೊತ್ತಿಲ್ಲ," ಅಂದರು ಮೇಷ್ಟ್ರು. "ಚೆನ್ನಾಗಿ ಸರ್ವ್ ಹೊಡೆಯೋ ಹುಡುಗೀನ 'ಹೇಗೆ ಹೊಡೀತೀಯ' ಅಂತ ಕೇಳಿದ್ರೆ ಯಾವತ್ತೂ ತಪ್ಪೇ ಹೇಳ್ತಾಳೆ. ಕೇಳ್ಬಾರದು. ನೋಡ್ಬೇಕು."

ಹಾಗೆ ಜೂನ್ ಮೊದಲ ವಾರದಿಂದ ದಿನಾ ಸಂಜೆ ಮೂವರು ಮಕ್ಕಳು ಪುಸ್ತಕ ಹಿಡಿದು ದಕ್ಕೆಯ ಮೇಲೆ ಕೂತರು. ಕ್ಯಾಪ್ಟನ್ ಏನು ಮಾಡಿದರೂ ಬರೆದುಕೊಳ್ಳುವುದು. ಹಗ್ಗ ಕಟ್ಟುತ್ತಾರೆ. ಟೋಪಿ ತೆಗೆದು ತಲೆ ಕೆರೆಯುತ್ತಾರೆ. ಆಚೆ ದಡದ ಹಡಗುಕಟ್ಟೆಯ ಕ್ರೇನಿನ ಕಡೆ ನೋಡುತ್ತಾರೆ. ಹಗ್ಗ ಕಟ್ಟಿದ ಬಕೆಟ್ ಇಳಿಸಿ ಸಮುದ್ರದ ನೀರು ಸೇದಿ ಕೈ ತೊಳೆಯುತ್ತಾರೆ. ಮೂಗು ಒರೆಸುತ್ತಾರೆ. ಟಿಕೆಟ್ ಕಿಟಕಿಗೆ ಹೋಗಿ ಹೇಳುತ್ತಾರೆ. ನಾಲ್ಕನೆಯ ದಿನದಿಂದ ಕನಾಮೆ, "ತಾತ, ಬಕೆಟ್ ನಾನು ಸೇದಿ ಕೊಡ್ತೀನಿ" ಅಂತ ಮುಂದೆ ಬಂದಳು. ಮುದುಕನಿಗೆ ಖುಷಿಯಾಯಿತು. "ನಾಲಿಗೆ ಖಾರ ಆದ್ರೂ ಹುಡುಗಿ ಒಳ್ಳೇದು," ಅಂದರು.

ಪುಸ್ತಕಗಳನ್ನು ಹರಡಿಕೊಂಡು ಕೂತಾಗ ಚಿಹಾರು ಒಂದು ವಿಷಯ ಕಂಡುಹಿಡಿದಳು. ಒಂದು ದಿನ ಕಾಲು ಉಳುಕಿದ ಪ್ರಯಾಣಿಕರೊಬ್ಬರನ್ನು ಇಳಿಸುವ ಗಡಿಬಿಡಿಯಲ್ಲಿ ಕ್ಯಾಪ್ಟನ್ ಕೈ ತೊಳೆಯಲಿಲ್ಲ. ಆವತ್ತು ಕಿಟಕಿಯ ಮುಂದೆ ನಿಂತು, "ನಾಳೆ... ಯಾಕೋ ಗೊತ್ತಾಗ್ತಿಲ್ಲ" ಅಂದಿದ್ದರು.

"ಕೈ!" ಅಂದರು ಮೇಷ್ಟ್ರು. "ನೀರು ಎಷ್ಟು ತಣ್ಣಗಿದೆ ಅಂತ ಕೈಗೆ ಗೊತ್ತಾಗುತ್ತೆ. ತಣ್ಣನೆ ನೀರಿನ ಮೇಲೆ ಬೆಚ್ಚನೆ ಒದ್ದೆ ಗಾಳಿ ಬಂದ್ರೆ ತಾನೆ ಮಂಜು? ನಮ್ಮ ಅಂಕಿಗಳಲ್ಲಿ ಸಮುದ್ರದ ನೀರು ಎಲ್ಲಿದೆ?" ಎಲ್ಲೂ ಇರಲಿಲ್ಲ. "ಆದ್ರೆ ಕೈಯೇ ಅಂತ ಹೇಗೆ ಗೊತ್ತಾಗೋದು? ಯೋಚ್ನೆ ಮಾಡಿ."

ಅವರು ಯೋಚನೆ ಮಾಡಿ ಅಂದರು, ಅಷ್ಟೆ. ಕನಾಮೆ ಯೋಚನೆಯಲ್ಲಿ ನಿಲ್ಲುವ ಹುಡುಗಿಯಲ್ಲ.

ಗುರುವಾರ ಮಧ್ಯಾಹ್ನ ಅವಳು ಒಂದು ಕಪ್ಪು ಬಕೆಟ್ಟಿನಲ್ಲಿ ಸಮುದ್ರದ ನೀರು ತಂದು ಶಾಲೆಯ ಹಿಂದೆ ಬಿಸಿಲಲ್ಲಿಟ್ಟಳು. ಉಪ್ಪುನೀರೇ ಆಗಿರಬೇಕು, ಇಲ್ಲದಿದ್ದರೆ ಮುದುಕ ಕಂಡುಹಿಡಿಯುತ್ತಾನೆ ಅಂತ ಅಷ್ಟೂ ಲೆಕ್ಕ ಹಾಕಿದ್ದಳು. ಯಾರಿಗೂ ಹೇಳಲಿಲ್ಲ. ಸಂಜೆ ದಕ್ಕೆಯಲ್ಲಿ ಬಕೆಟ್ ಇಳಿಸಿದ ಹಾಗೆ ಮಾಡಿ ಆ ನೀರನ್ನೇ ಕೊಟ್ಟಳು. ಕ್ಯಾಪ್ಟನ್ ಕೈ ತೊಳೆದರು, ಮೂಗು ಒರೆಸಿದರು, ಕಿಟಕಿಗೆ ಹೋಗಿ, "ನಾಳೆ ಹೊರಡುತ್ತೆ" ಅಂದರು.

ಶುಕ್ರವಾರ ಬೆಳಿಗ್ಗೆ ನನಗೆ ನನ್ನ ಮನೆಯ ಗೇಟೇ ಕಾಣಲಿಲ್ಲ. ಮಂಜು ಹತ್ತೂವರೆವರೆಗೂ ಅಲುಗಲಿಲ್ಲ. ಚಿಹಾರುವಿನ ತಾಯಿ ನಾಲ್ಕು ಗಂಟೆ ಹೊತ್ತು ದಕ್ಕೆಯ ಮೇಲೆ ನಿಂತಿದ್ದಳು. ಆಚೆ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ದುಡಿದು ಮನೆಗೆ ಹೊರಟಿದ್ದ ಇನ್ನೊಬ್ಬ ನರ್ಸು ಇವಳ ಬದಲು ಅಲ್ಲೇ ಉಳಿಯಬೇಕಾಯಿತು.

ಸಂಜೆ ಕ್ಲಬ್ಬಿನಲ್ಲಿ ಕನಾಮೆ ಎದ್ದು ನಿಂತು, "ಮೇಷ್ಟ್ರೇ, ಕೈಯೇ. ಸಾಬೀತಾಯ್ತು" ಅಂತ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಗೆದ್ದ ಹುರುಪಿತ್ತು. ಚಿಹಾರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ನಮ್ಮಮ್ಮ ಬೆಳಿಗ್ಗೆ ಅಳ್ತಾ ಇದ್ಲು, ಗೊತ್ತಾ ನಿನಗೆ?" ಅಷ್ಟು ಹೇಳಿ ಚೀಲ ತೆಗೆದುಕೊಂಡು ಹೊರಟುಹೋದಳು.

ಕನಾಮೆ ನಿಂತೇ ಇದ್ದಳು. ಹುರುಪೆಲ್ಲ ಇಳಿದುಹೋಗಿತ್ತು. ಮೇಷ್ಟ್ರು ಬೈಯಲಿಲ್ಲ. "ಯೋಚ್ನೆ ಮಾಡಿ ಅಂದವನು ನಾನು. ಎಲ್ಲಿ ನಿಲ್ಬೇಕು ಅಂತ ಹೇಳ್ದೆ ಇದ್ದವನೂ ನಾನೇ. ನಡಿ," ಅಂದರು.

ದಕ್ಕೆಯ ಮೇಲೆ ಕ್ಯಾಪ್ಟನ್ ಎದುರು ಮೇಷ್ಟ್ರು ಸೊಂಟ ಬಗ್ಗಿಸಿ ನಿಂತರು. ಪಕ್ಕದಲ್ಲಿ ಕನಾಮೆ, ರಿಂಪೆಯಿ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹುಡುಗಿ, "ನಾನೇ ಮಾಡಿದ್ದು ತಾತ. ಬೆಚ್ಚನೆ ನೀರು ಕೊಟ್ಟೆ. ತಪ್ಪಾಯ್ತು," ಅಂದಳು.

ಇಸೊಮುರ ತಮ್ಮ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಎಷ್ಟು ಬೆಚ್ಚಗಿತ್ತು?"

"ಇಪ್ಪತ್ತನಾಲ್ಕು ಡಿಗ್ರಿ. ಸಮುದ್ರ ಹದಿನೆಂಟು ಇತ್ತು."

"ಆರು ಡಿಗ್ರಿ! ಬೆಚ್ಚಗಿದೆ ಅಂತ ನನಗೆ ಅನ್ನಿಸ್ಲೇ ಇಲ್ವಲ್ಲ. ಆದ್ರೂ ಬಾಯಿ 'ಹೊರಡುತ್ತೆ' ಅಂತು." ಮುದುಕ ಸಿಟ್ಟಾಗಬೇಕಾದದ್ದನ್ನು ಮರೆತೇಬಿಟ್ಟ ಹಾಗಿತ್ತು. ಆಮೇಲೆ ನೆನಪಾಗಿ ಮುಖ ಬಿಗಿ ಮಾಡಿಕೊಂಡರು. "ನನಗೆ ಬಗ್ಗಿ ಏನು ಪ್ರಯೋಜನ? ದಕ್ಕೆ ಮೇಲೆ ನಿಂತಿದ್ಲಲ್ಲ, ಆ ತಾಯಿಗೆ ಹೋಗಿ ಹೇಳು."

ಚಿಹಾರುವಿನ ತಾಯಿ ಬಾಗಿಲಲ್ಲೇ ನಿಂತು ಕೇಳಿದಳು. ಒಳಗೆ ಕರೆಯಲಿಲ್ಲ. "ನಾನು ನಾಲ್ಕು ಗಂಟೆ ನಿಂತೆ, ಅಷ್ಟೆ. ರಾತ್ರಿಪಾಳಿ ಮುಗಿಸಿ ಮತ್ತೆ ಮಧ್ಯಾಹ್ನದವರೆಗೂ ನಿಂತವರು ಅಕಾಹೊರಿ ಅಕ್ಕ. ಅವರ ಹತ್ರ ಹೋಗಿ ಹೇಳು," ಅಂದಳು.

ಶನಿವಾರ ಮೇಷ್ಟ್ರು ಕನಾಮೆಯನ್ನು ಕರೆದುಕೊಂಡು ಆಚೆ ದಡಕ್ಕೆ ಹೋದರು. ನಾನೂ ಹೋದೆ, ಚಿಹಾರುವೂ ಬಂದಳು. ಬರುತ್ತೇನೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ, ಲಾಂಚು ಹೊರಡುವ ಹೊತ್ತಿಗೆ ಬಂದು ಕನಾಮೆಯಿಂದ ಎರಡು ಸೀಟು ಬಿಟ್ಟು ಕೂತಳು.

ಅಕಾಹೊರಿ ಐವತ್ತರ ಆಚೀಚಿನ ದಪ್ಪನೆಯ ಹೆಂಗಸು. ಆಸ್ಪತ್ರೆಯ ಹಿಂದಿನ ಬೆಂಚಿನ ಮೇಲೆ ಕೂತು ಬಾರ್ಲಿ ನೀರು ಕುಡಿಯುತ್ತಿದ್ದಳು. ಕನಾಮೆ ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟಳು.

"ಕಾಲು ಊದ್ಕೊಂಡು ಶೂ ಬಿಚ್ಚೋಕೇ ಆಗ್ಲಿಲ್ಲ ಕಣೇ ಆವತ್ತು. ಹೋಗ್ಲಿ. ಅದು ಸರಿ, ಏನು ಗೊತ್ತಾಯ್ತು ನಿನಗೆ?"

"ತಾತನ ಕೈಗೆ ಗೊತ್ತಾಗುತ್ತೆ ಅಂತ."

"ಎಷ್ಟು ಸಲ ಮಾಡಿ ನೋಡ್ದೆ?"

"ಒಂದು ಸಲ."

"ಒಂದೇ ಸಲಾನಾ? ನಾವು ಒಂದು ಸಲ ಜ್ವರ ನೋಡಿ ಏನೂ ಹೇಳಲ್ಲ. ಆ ಮುದುಕ ತಿಂಗಳಿಗೆ ಎರಡು ಸಲ ಹೇಗೂ ತಪ್ತಾನೆ ಅಂತ ನೀನೇ ಹೇಳಿದೆ. ಅದು ಅವನದೇ ತಪ್ಪಿನ ದಿನ ಆಗಿದ್ರೆ? ನನ್ನ ಕಾಲು ಸುಮ್ನೆ ಊದಿಸ್ದೆ."

ಬೈಗುಳಕ್ಕೆ ಕನಾಮೆ ಸಿದ್ಧವಾಗಿ ಬಂದಿದ್ದಳು, ಈ ಪ್ರಶ್ನೆಗಲ್ಲ. ಪಕ್ಕದಲ್ಲಿ ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಅಕಾಹೊರಿಯ ಮಾತನ್ನು ಬರೆದುಕೊಳ್ಳುತ್ತಿದ್ದರು. ವಾಪಸು ಬರುವಾಗ ಚಿಹಾರು ಒಂದು ಸೀಟು ಹತ್ತಿರ ಕೂತಳು.

"ದಿನಾ ಎರಡು ಹೊತ್ತು ಸಮುದ್ರಕ್ಕೆ ಥರ್ಮಾಮೀಟರ್ ಬಿಟ್ಟು ನೋಡೋಣ," ಅಂದಳು ಕಿಟಕಿಯ ಕಡೆ ಮುಖ ಮಾಡಿಕೊಂಡು. "ಬೆಳಿಗ್ಗೆ ನಾನು. ಸಂಜೆ ನೀನು."

ಕಥೆ ಅಲ್ಲಿಗೆ ಸುಸೂತ್ರವಾಗಿ ಮುಗಿಯಬೇಕಿತ್ತು. ಆದರೆ ಕ್ಯಾಪ್ಟನ್ನರ ಮಾತು ಕೆಟ್ಟುಹೋಯಿತು. ಅವರು ಈಗ ಬಕೆಟ್ಟಿನಲ್ಲಿ ಕೈಯಿಟ್ಟುಕೊಂಡು ಐದೈದು ನಿಮಿಷ ನಿಲ್ಲುತ್ತಿದ್ದರು. ತಣ್ಣಗಿದೆಯೋ, ಇಲ್ಲವೋ? ನಿನ್ನೆಗಿಂತ ತಣ್ಣಗಿದೆಯೋ? ಒಂಬತ್ತು ದಿನದಲ್ಲಿ ಐದು ಸಲ ತಪ್ಪಿದರು. ಊರಿನವರು ಕಚೇರಿಗೆ ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು. "ನಿಮ್ಮ ಶಾಲೆಯೋರು ಕ್ಯಾಪ್ಟನ್ ಕೈ ಕೆಡಿಸಿದ್ರಂತಲ್ಲ, ನಮ್ಮ ನಿಂಬೆಹಣ್ಣಿನ ಪೆಟ್ಟಿಗೆ ಯಾವತ್ತು ಕಳಿಸ್ಲಿ ಈಗ?" ನಾನು ಫೋನಿಗೇ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಿದ್ದೆ.

ತೊಕುಶಿಗೆ ಮೇಷ್ಟ್ರು ಬಹಳ ಕುಗ್ಗಿಹೋದರು. ಒಂದು ಸಂಜೆ ಮಕ್ಕಳು ಹೋದ ಮೇಲೆ ನನ್ನ ಹತ್ತಿರ ಹೇಳಿಕೊಂಡರು.

"ಯೋಶಿಯೆ, ಹದಿನೇಳು ವರ್ಷದ ಹಿಂದೆ ನಮ್ಮ ತಂಡದಲ್ಲಿ ಒಂದು ಹುಡುಗಿ ಇದ್ಲು. ಜಿಲ್ಲೆಯಲ್ಲೇ ಅವಳಷ್ಟು ಚೆನ್ನಾಗಿ ಸರ್ವ್ ಹೊಡೆಯೋರು ಇರ್ಲಿಲ್ಲ. 'ಮಣಿಕಟ್ಟು ಸ್ವಲ್ಪ ಹೀಗೆ ತಿರುಗಿಸ್ತೀಯ, ಅದಕ್ಕೇ ಚೆಂಡು ಹಾಗೆ ಬೀಳುತ್ತೆ' ಅಂತ ಹೊಗಳ್ದೆ. ಹೊಗಳಿದ್ದು, ಬೈದಿದ್ದಲ್ಲ. ಮಾರನೇ ದಿನದಿಂದ ಚೆಂಡು ಬಲೆ ದಾಟ್ಲಿಲ್ಲ."

"ಆಮೇಲೆ ಸರಿ ಹೋಯ್ತಾ?"

"ಹೋಯ್ತು. ಏನೇನೋ ಮಾಡಿ ನೋಡ್ದೆ. ಕೊನೆಗೆ ಹೊಡೆಯೋವಾಗ ನೂರರಿಂದ ಹಿಂದಕ್ಕೆ ಎಣಿಸು ಅಂದೆ..." ಅಲ್ಲಿಗೇ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಮಾರನೆಯ ಸಂಜೆ ಕ್ಯಾಪ್ಟನ್ ಬಕೆಟ್ಟಿಗೆ ಕೈ ಹಾಕುತ್ತಿದ್ದ ಹಾಗೇ ರಿಂಪೆಯಿ ಪಕ್ಕದಲ್ಲಿ ಬಂದು ನಿಂತ.

"ತಾತ, ಹದಿನೇಳು ಆರ್ಲಿ?"

"ಏನೋ ಅದು?"

"ಹದಿನೇಳರ ಮಗ್ಗಿ. ಹದಿನೇಳು ಆರ್ಲಿ ಎಷ್ಟು? ಬೇಗ ಹೇಳಿ."

"ನೂರ... ನೂರಎರಡು. ಯಾಕೋ?"

"ಹದಿನೇಳು ಎಂಟ್ಲಿ?"

"ಲೋ, ಹಗ್ಗ ಕಟ್ಟಿ ಸುಸ್ತಾಗಿದೆ ನನಗೆ, ನಿನ್ನ ಮಗ್ಗಿ... ನೂರ ಮೂವತ್ತಾರು!"

"ಹದಿನೇಳು ಒಂಬತ್ಲಿ? ನಾಳೆ ಲಾಂಚು?"

"ನೂರ ಐವತ್ತಮೂರು, ನಿಲ್ಲುತ್ತೆ!" ಅಂದರು ಕ್ಯಾಪ್ಟನ್. ಅಂದ ಮೇಲೆ ತಾವೇ ಬೆಚ್ಚಿಬಿದ್ದರು.

ಮಾರನೆಯ ಬೆಳಿಗ್ಗೆ ಲಾಂಚು ನಿಂತಿತು. ಒಂದೇ ಸಲ ಸರಿಯಾದದ್ದನ್ನು ಗೆಲುವು ಅಂತ ಕನಾಮೆ ಬರೆದುಕೊಳ್ಳಲಿಲ್ಲ. ಜುಲೈ ಮಧ್ಯದಲ್ಲಿ ಮಂಜಿನ ಕಾಲ ಮುಗಿಯುವವರೆಗೂ ದಿನಾ ಮಗ್ಗಿ ಕೇಳಿದರು. ಹದಿನೇಳು ಬಾಯಿಪಾಠ ಆಗಿಹೋದ ಮೇಲೆ ಹತ್ತೊಂಬತ್ತು, ಆಮೇಲೆ ಇಪ್ಪತ್ತಮೂರು. ಮುದುಕನ ಮಾತು ಮೊದಲಿನಷ್ಟೇ ಸರಿ ಬರತೊಡಗಿತು. ಮಗ್ಗಿಯಿಂದಲೇ ಬಂತೋ, ದಿನ ಕಳೆದದ್ದರಿಂದ ಬಂತೋ, ಹೇಳುವುದಕ್ಕೆ ಆಗುವುದಿಲ್ಲ ಅಂತ ಚಿಹಾರು ಪುಸ್ತಕದಲ್ಲಿ ಬರೆದಿದ್ದಾಳೆ. ನಾನು ನೋಡಿದ್ದೇನೆ.

ಬೇಸಿಗೆ ರಜೆ, ಶರತ್ತು, ಚಳಿಗಾಲ, ಒಂದು ದಿನವೂ ಬಿಡದೆ ಆ ಮೂವರು ಸಮುದ್ರದ ನೀರಿನ ಬಿಸಿ ಅಳೆದರು. ಪ್ಲಾಸ್ಟಿಕ್ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಮೀನುಗಾಳದ ಸೀಸದ ಗುಂಡು ಕಟ್ಟಿ ಇಳಿಬಿಡುವುದು. ಸೀಸದ ಗುಂಡು ಕೊಟ್ಟವರು ಕ್ಯಾಪ್ಟನ್ನರೇ. ಅಕಾಹೊರಿ ಒಂದು ಭಾನುವಾರ ದ್ವೀಪಕ್ಕೆ ಬಂದು ಪುಸ್ತಕ ತರಿಸಿ ನೋಡಿ, ಎರಡು ಕಡೆ ಅಂಕಿ ತಿದ್ದಿದ ಗುರುತು ಕಂಡು ಕನಾಮೆಯನ್ನು ಗದರಿಸಿ ಹೋದಳು. ಪ್ರೋಗ್ರಾಮನ್ನು ಮೊದಲಿನಿಂದ ಬರೆದರು. ಈ ಸಲ ಕನಾಮೆ ಬರೆದ ಸಾಲನ್ನು ಚಿಹಾರು ಓದಿ ಹೇಳಬೇಕು, ಚಿಹಾರು ಬರೆದದ್ದನ್ನು ರಿಂಪೆಯಿ ಹೇಳಬೇಕು, ರಿಂಪೆಯಿ ಬರೆದದ್ದನ್ನು ಮೇಷ್ಟ್ರು ಹೇಳಬೇಕು. ಮೇಷ್ಟ್ರು ಹೇಳತೊಡಗಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಈಗ ಅವರಿಗೆ ಬರುತ್ತಿತ್ತು! ಟೈಪು ಮಾತ್ರ ಇನ್ನೂ ಎರಡೇ ಬೆರಳು.

ಮುಂದಿನ ಮೇ ತಿಂಗಳು ಮತ್ತೆ ಪಂದ್ಯ. ಮೂವತ್ತೊಂದು ದಿನ, ಲಾಂಚು ನಿಂತದ್ದು ಏಳು. ಕಣ್ಣು ಮುಚ್ಚಿ "ಹೊರಡುತ್ತೆ" ಅನ್ನುವವನಿಗೆ ಇಪ್ಪತ್ತನಾಲ್ಕು. ಪ್ರೋಗ್ರಾಮಿಗೆ ಇಪ್ಪತ್ತೇಳು. ಕ್ಯಾಪ್ಟನ್ನರಿಗೆ ಇಪ್ಪತ್ತೆಂಟು.

"ಒಂದೇ ಒಂದು!" ಅಂತ ಕನಾಮೆ ಮೇಜು ಗುದ್ದಿದಳು. ಅವಳು ಈಗ ಒಂಬತ್ತನೇ ತರಗತಿ, ಮುಂದಿನ ಮೇ ಅವಳಿಗಿಲ್ಲ. ಆದರೂ ಟಿಕೆಟ್ ಕಿಟಕಿಯ ಪಕ್ಕ ಈಗ ಒಂದು ಹಲಗೆ ತೂಗುತ್ತದೆ. ಒಂದು ಕಡೆ "ಕ್ಯಾಪ್ಟನ್", ಇನ್ನೊಂದು ಕಡೆ "ಶಾಲೆ". ಮುದುಕಿಯರು ಎಡಗಡೆ ಮಾತ್ರ ಓದುತ್ತಾರೆ. ಚಿಹಾರುವಿನ ತಾಯಿ ಎರಡೂ ಓದಿ, ಬೇರೆಬೇರೆ ಇದ್ದರೂ ಕೊನೆಯ ಲಾಂಚಿಗೆ ಆಚೆ ದಾಟುತ್ತಾಳೆ.

ಫಲಿತಾಂಶ ಬರೆದ ಸಂಜೆ ಕ್ಯಾಪ್ಟನ್ ತಾವಾಗಿ ಶಾಲೆಗೆ ಬಂದರು. ಕಂಪ್ಯೂಟರ್ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿ ಬಿಟ್ಟು, ಟೋಪಿ ಕೈಯಲ್ಲಿ ಹಿಡಿದು ಹಲಗೆ ನೋಡುತ್ತ ನಿಂತರು. ಬೆರಳು ಒಂದು ಕಡೆ ನಿಂತಿತು.

"ಹದಿನೇಳನೇ ತಾರೀಕು ನಾನು ತಪ್ಪಿದೆ. ಇವನೂ ತಪ್ಪಿದ್ನಾ?"

"ಹೌದು ತಾತ. ಇಬ್ರೂ ಹೊರಡುತ್ತೆ ಅಂದ್ರಿ, ಆದ್ರೆ ನಿಲ್ತು," ಅಂದಳು ಚಿಹಾರು.

"ಇಬ್ರಿಗೂ ಗೊತ್ತಿಲ್ದೇ ಇರೋದು ಏನಿತ್ತು ಆವತ್ತು?"

ತೊಕುಶಿಗೆ ಮೇಷ್ಟ್ರು ಆಗಲೇ ಕುರ್ಚಿ ಎಳೆದುಕೊಂಡಾಗಿತ್ತು. ಪುಸ್ತಕ ತಿರುವಿದರು. ಹದಿನಾರರ ಸಂಜೆ ದಕ್ಕೆಯ ನೀರು ಹದಿನಾರೂವರೆ ಡಿಗ್ರಿ, ಹದಿನೇಳರ ಬೆಳಿಗ್ಗೆ ಹದಿನಾಲ್ಕು. ಒಂದು ರಾತ್ರಿಯಲ್ಲಿ ಅಷ್ಟು ಇಳಿದದ್ದು ವರ್ಷದಲ್ಲೇ ಇನ್ನೊಂದಿರಲಿಲ್ಲ. ಥರ್ಮಾಮೀಟರ್ ಕೆಟ್ಟಿತ್ತೇ? ಮಾರನೆಯ ದಿನದಿಂದ ಸರಿಯಾಗಿಯೇ ಇದೆ. ಮೂವರೂ ಒಬ್ಬರ ಮಾತು ಒಬ್ಬರು ತುಳಿಯುತ್ತ ಮಾತಾಡಿದರು. ರಿಂಪೆಯಿ, "ಮಳೆ?" ಅಂದ. ಮಳೆ ಬಂದಿರಲಿಲ್ಲ.

"ಆಚೆ ದಡದಲ್ಲಿ ಬಂದಿತ್ತು, ಮೇಲಿನ ಬೆಟ್ಟದಲ್ಲಿ," ಅಂದರು ಕ್ಯಾಪ್ಟನ್. "ಆವತ್ತು ಆಚೆ ನದಿ ಸಮುದ್ರ ಸೇರೋ ನದೀಬಾಯಿ ಹತ್ರ ನೀರು ಕೆಂಪಗಿತ್ತು. ಡ್ಯಾಮಿನ ಬಾಗಿಲು ತೆಗೆದು, ಆ ತಣ್ಣನೆ ನೀರು ಇಲ್ಲಿವರೆಗೂ ಬಂತೋ ಏನೋ."

"ಡ್ಯಾಮಿನೋರು ಅದನ್ನ ಬರೆದಿಟ್ಟಿರ್ತಾರಾ?" ಅಂದಳು ಕನಾಮೆ.

"ಕೇಳಿದ್ರೆ ತಾನೆ ಗೊತ್ತಾಗೋದು? ಯೋಶಿಯೆ, ಫೋನ್ ಮಾಡಿ ಕೇಳ್ತೀಯಾ, ಶನಿವಾರ ಬರಬಹುದಾ ಅಂತ?" ಅಂದರು ಮೇಷ್ಟ್ರು.

ಕೇಳಿದೆ. ಬನ್ನಿ ಅಂದರು. ಶನಿವಾರ ಒಂಬತ್ತು ಗಂಟೆಯ ಲಾಂಚಿಗೆ ನಾಲ್ವರೂ ಹೊರಟರು. ರಿಂಪೆಯಿಯ ಚೀಲದ ತುಂಬ ಅನ್ನದ ಉಂಡೆ, ಮೇಷ್ಟ್ರ ಕೊರಳಲ್ಲಿ ಪೆನ್ನು. ದಕ್ಕೆ ಬಿಡುವಾಗ ಕ್ಯಾಪ್ಟನ್ ಮೇಲಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಷ್ಟು ಗಂಟೆಗೆ ಬಾಗಿಲು ತೆಗೆದ್ರು ಅಂತ ಕೇಳೋದು ಮರೀಬೇಡ್ರೋ!" ಅಂತ ಕೂಗಿದರು. ಲಾಂಚು ನದೀಬಾಯಿಯ ಕಡೆ ತಿರುಗಿತು. ನಾನು ಕಚೇರಿಯ ಬೀಗ ತೆಗೆಯಲು ಹೊರಟೆ.